ಎಣ್ಣೆ ಬಾಟ್ಲಿಯೊಳಗಿನ ಗುಲಾಬಿ ಟಾನಿಕ್

ಇವತ್ತು ಮಧ್ಯಾಹ್ನ, ದಾವಣಗೆರೆಯ ಹದಡಿ ರಸ್ತೆಯ ಒಂದು ಕಲ್ಯಾಣ ಮಂಟಪ, ಊಟದ ಎರಡನೇ ಪಂಕ್ತಿ. ಎದುರು ಸಾಲಿನಲ್ಲಿ ಕೂತಿದ್ದ ಒಬ್ಬ ತಾಯಿ ವ್ಯಾನಿಟಿ ಬ್ಯಾಗಿನಿಂದ ಬೆರಳುದ್ದದ ಕೊಬ್ಬರಿ ಎಣ್ಣೆ ಬಾಟ್ಲಿ ತೆಗೆದರು. ಒಳಗೆ ಗುಲಾಬಿ ಬಣ್ಣದ ದ್ರವ. ಸೆರಗು ಮರೆ ಮಾಡಿಕೊಂಡು, ಪಾಯಸಕ್ಕೆ ಇಟ್ಟಿದ್ದ ಚಮಚಕ್ಕೇ ಬಗ್ಗಿಸಿ ಮಗುವಿನ ಬಾಯಿಗೆ ಹಾಕಿದರು. ಪಕ್ಕದ ಅಜ್ಜಿ ಸುಮ್ಮನಿರ್ತಾರಾ? "ಏನವ್ವಾ ಅದು, ಎಣ್ಣೆ ಕುಡಿಸ್ತೀಯೇನು?" "ಜ್ವರದ ಟಾನಿಕ್ ಅಜ್ಜಿ." "ಯಾವ ಟಾನಿಕ್ಕು?" "ಅದೇ, ಡಾಕ್ಟ್ರು ಬರ್ಕೊಟ್ಟಿದ್ದು... ಗುಲಾಬಿದು."

ಗುಲಾಬಿದು! ನಾನು ದಿನವಿಡೀ ಕೂರೋದು ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ಅಂತ ನಿಮಗೆಲ್ಲ ಗೊತ್ತು. ಆ ಒಂದು ಮಾತಿಗೆ ನನ್ನ ಎಲೆಯ ಮೇಲಿದ್ದ ಹೋಳಿಗೆ ರುಚಿ ಕಳ್ಕೊಂಡಿತು. ಪ್ಯಾರಾಸಿಟಮಾಲ್ ಸಿರಪ್ ಗುಲಾಬಿ. ಹೊಟ್ಟೆ ಉರಿಯ ಆಂಟಾಸಿಡ್ ಗುಲಾಬಿ. ಮೈಗೆ ಹಚ್ಚೋ ಕ್ಯಾಲಮೈನ್ ಲೋಷನ್ನೂ ಗುಲಾಬಿಯೇ. ಮೂರನ್ನೂ ಹೆಸರಿಲ್ಲದ ಮೂರು ಬಾಟ್ಲಿಗೆ ಸುರಿದು ಸಾಲಾಗಿ ಇಟ್ಟರೆ, ಬಣ್ಣ ನೋಡಿ ಹೇಳು ಅಂದರೆ ನಾನೂ ತಡಬಡಾಯಿಸ್ತೀನಿ.

ಮೊದಲೇ ಹೇಳಿಬಿಡ್ತೀನಿ. ಮರೆಯಲ್ಲಿ ಔಷಧಿ ತಗೊಳ್ಳೋದರ ಬಗ್ಗೆ ನನ್ನ ತಕರಾರಿಲ್ಲ. ನಮ್ಮೂರಲ್ಲಿ ನಾಲ್ಕು ಜನರ ಎದುರು ಒಂದು ಬಾಟ್ಲಿ ಹೊರಗೆ ತೆಗೆದರೆ ಮಂಡಕ್ಕಿ-ಮಿರ್ಚಿ ಜೊತೆ ನಂಜಿಕೊಳ್ಳೋಕೆ ನಿಮ್ಮ ಕಾಯಿಲೆಯೇ ಸಿಗುತ್ತೆ. ಯಾವಾಗಿಂದ, ಯಾವ ಡಾಕ್ಟ್ರು, ಬೆಂಗಳೂರಿಗೆ ತೋರಿಸಿದ್ರಾ, ಹುಡುಗಿಗೆ ಗಂಡು ನೋಡ್ತಿದ್ದೀರಲ್ಲ ಅವರಿಗೆ ಗೊತ್ತಾ. ಫಿಟ್ಸ್ ಔಷಧಿ ತಗೊಳ್ಳೋ ಹುಡುಗಿಯ ಅಮ್ಮ ಅದನ್ನ ಮುಚ್ಚಿಡದೆ ಇನ್ನೇನು ಮಾಡ್ತಾಳೆ? ಮುಚ್ಚಿಡಲಿ. ಜನರ ಕಣ್ಣಿಂದ ಮುಚ್ಚಿಡೋಕೆ ಹೋಗಿ ಔಷಧಿಯ ಹೆಸರನ್ನೇ ಅಳಿಸಿಬಿಡೋದಿದೆಯಲ್ಲ, ನನಗೆ ರೇಗೋದು ಅದಕ್ಕೆ.

ಲೆಕ್ಕ ನೋಡ್ರಿ. ಅದೇ ಪ್ಯಾರಾಸಿಟಮಾಲ್ ಮಕ್ಕಳಿಗೆ 5 ಎಂಎಲ್‌ಗೆ 125 ಮಿಲಿಗ್ರಾಂ ಇರೋ ಸಿರಪ್ಪಾಗಿ ಬರುತ್ತೆ, 250 ಇರೋದೂ ಬರುತ್ತೆ. ಡ್ರಾಪ್ಸ್ ಆದರೆ 1 ಎಂಎಲ್‌ಗೇ 100 ಮಿಲಿಗ್ರಾಂ. ಎಣ್ಣೆ ಬಾಟ್ಲಿಗೆ ಇಳಿದ ಮೇಲೆ ಮೂರೂ ಒಂದೇ. ಅಮ್ಮ ಫೋಟೋ ತೆಗೆಸ್ಕೊಳ್ಳೋಕೆ ಸ್ಟೇಜ್ ಹತ್ತಿರ ಹೋದಾಗ ಚಿಕ್ಕಮ್ಮ "ಒಂದು ಚಮಚ" ಹಾಕ್ತಾಳೆ ಅಂತಿಟ್ಕೊಳ್ಳಿ. ಒಳಗಿದ್ದದ್ದು 250ರದ್ದಾದರೆ ಡೋಸ್ ದುಪ್ಪಟ್ಟು. ಡ್ರಾಪ್ಸ್ ಆಗಿದ್ದರೆ 5 ಎಂಎಲ್‌ನಲ್ಲಿ 500 ಮಿಲಿಗ್ರಾಂ, ಅಂದರೆ ದೊಡ್ಡವರು ನುಂಗೋ ಇಡೀ ಮಾತ್ರೆ. ಮಕ್ಕಳಿಗೆ ಲೆಕ್ಕ ತೂಕದ ಮೇಲೆ, ಕಿಲೋಗೆ 10ರಿಂದ 15 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ 500 ಎಷ್ಟಾಯ್ತು ಅಂತ ನೀವೇ ಹಾಕಿ ನೋಡಿ. ಇನ್ನು ಪಾಯಸದ ಚಮಚ. ಔಷಧಿಯ ಭಾಷೆಯಲ್ಲಿ ಟೀ ಚಮಚ ಅಂದರೆ 5 ಎಂಎಲ್. ಮನೆಯ ಚಮಚ ಒಂದು ಮೂರು ಹಿಡಿಯುತ್ತೆ, ಇನ್ನೊಂದು ಏಳು ಹಿಡಿಯುತ್ತೆ. ಮಂಟಪದ ಅಡುಗೆ ಕಾಂಟ್ರಾಕ್ಟರು ಚಮಚ ಕೊಳ್ಳುವಾಗ ನಿಮ್ಮ ಮಗುವಿನ ಜ್ವರ ಯೋಚಿಸಿರಲ್ಲ.

ಈಗ ಬರ್ತಾರೆ ಬುದ್ಧಿವಂತರು. "ಇಷ್ಟೆಲ್ಲ ರಗಳೆ ಯಾಕೆ, ಮಾತ್ರೆ ಇಟ್ಕೊಂಡ್ರಾಯ್ತು." ಸ್ವಾಮಿ, ಎರಡು ವರ್ಷದ ಕೂಸಿಗೆ ಮಾತ್ರೆ ನುಂಗಿಸಿ ತೋರಿಸಿ. ಸ್ಟ್ರೋಕ್ ಆಗಿ ನುಂಗೋಕೆ ಕಷ್ಟ ಇರೋ ಹಿರಿಯರಿಗೆ, ಮೂಗಿನ ನಳಿಗೆಯಲ್ಲಿ ಊಟ ಹೋಗೋರಿಗೆ ಹೇಳಿ ನೋಡಿ. "ಹಂಗಾದರೆ ಪೂರ್ತಿ ಬಾಟ್ಲಿ ಒಯ್ಯಲಿ" ಅನ್ನೋದು ಎರಡನೇ ಉಪದೇಶ. ಇದರಲ್ಲಿ ಅರ್ಧ ಸತ್ಯ ಇದೆ, ಒಪ್ತೀನಿ. ಆದರೆ 200 ಎಂಎಲ್ ಬಾಟ್ಲಿಯನ್ನ ಬ್ಯಾಗಲ್ಲಿ ಹಾಕ್ಕೊಂಡು ಬೆಂಗಳೂರು ಬಸ್ಸಲ್ಲಿ ಕೂತವರನ್ನ ಕೇಳಿ. ಹಿರಿಯೂರು ದಾಟೋ ಹೊತ್ತಿಗೆ ಮುಚ್ಚಳದ ಸುತ್ತ ಜಿನುಗಿ, ಬಾಚಣಿಗೆ, ನೋಟು, ಆಧಾರ್ ಕಾರ್ಡು ಎಲ್ಲ ಅಂಟಂಟು. ಮಾರನೇ ದಿನ ಬ್ಯಾಗಿನ ತುಂಬ ಇರುವೆ. ಕಂಪನಿಗಳು ಶಾಂಪೂಗೆ ಸ್ಯಾಶೆ ಮಾಡಿದಷ್ಟು ಉಮೇದಿನಿಂದ ಔಷಧಿಗೆ ಮಾಡಲಿಲ್ಲ. ಆಂಟಾಸಿಡ್‌ನಂಥ ಕೆಲವು ಬಿಟ್ಟರೆ ಉಳಿದದ್ದು ಬಹುಪಾಲು ಬಾಟ್ಲಿಯೇ.

ಹಂಗಾಗಿ ಮಾಡಬೇಕಾದ್ದು ಏನು ಅಂದರೆ, ಮೊದಲು ಅಂಗಡಿಯಲ್ಲೇ 30 ಅಥವಾ 60 ಎಂಎಲ್ ಪ್ಯಾಕ್ ಇದೆಯಾ ಕೇಳಿ. ಸಿಕ್ಕರೆ ಕಥೆ ಅಲ್ಲಿಗೇ ಮುಗೀತು. ಅಸಲಿ ಲೇಬಲ್, ಅಸಲಿ ಮುಚ್ಚಳ. ಒಂದು ದಪ್ಪ ಸಾಕ್ಸಿನೊಳಗೆ ತುರುಕಿದರೆ ಯಾರ ಕಣ್ಣಿಗೂ ಬೀಳಲ್ಲ. ಸಿಗದಿದ್ದರೆ ಹೋಮಿಯೋಪತಿ ಔಷಧಿ ಮಾರೋ ಅಂಗಡಿಗೆ ಹೋಗಿ, ಖಾಲಿ ಪ್ಲಾಸ್ಟಿಕ್ ಬಾಟ್ಲಿ ಕೇಳಿ. ಎರಡು ಡ್ರಾಮ್‌ನದ್ದು ಅಂದರೆ ಸುಮಾರು 7 ಎಂಎಲ್, ಅರ್ಧ ಔನ್ಸಿನದ್ದು 15, ಒಂದು ಔನ್ಸಿನದ್ದು 30. ಅಸಲಿ ಬಾಟ್ಲಿ ಕಂದು ಬಣ್ಣದ್ದಾಗಿದ್ದರೆ ಇದೂ ಕಂದೇ ಇರಲಿ. ಆ ಕಂದು ಬೆಳಕು ತಡೆಯೋಕೆ, ಚೆಂದಕ್ಕಲ್ಲ. ತಿರುಪಿನ ಮುಚ್ಚಳ ಬೇಕು, ಅದರ ಕೆಳಗೆ ಒತ್ತಿ ಕೂರೋ ಬಿರಡೆಯೂ ಇದ್ದರೆ ಇನ್ನೂ ಒಳ್ಳೇದು. ಎಣ್ಣೆ ಬಾಟ್ಲಿ, ಶಾಂಪೂ ಬಾಟ್ಲಿ, ಕಣ್ಣಿನ ಡ್ರಾಪ್ಸ್ ಮುಗಿದ ಬಾಟ್ಲಿ ಬೇಡವೇ ಬೇಡ. ಎಣ್ಣೆ ಬಾಟ್ಲಿಯನ್ನ ಎಷ್ಟು ತೊಳೆದರೂ ಮುಚ್ಚಳದ ಸುರುಳಿಯಲ್ಲಿ ಎಣ್ಣೆ ಉಳಿದೇ ಉಳಿಯುತ್ತೆ. ಕಣ್ಣಿನ ಬಾಟ್ಲಿಯಲ್ಲಿ ಬೇರೆ ಏನೋ ತುಂಬಿದರೆ ನಾಳೆ ಯಾರೋ ಅದನ್ನ ಕಣ್ಣಿಗೇ ಬಿಟ್ಕೊಳ್ತಾರೆ.

ಹೊಸ ಬಾಟ್ಲಿಯನ್ನೂ ತೊಳೆದು, ಬೋರಲು ಹಾಕಿ, ಪೂರ್ತಿ ಆರಿಸಿ. ಒಳಗೆ ನಿಂತ ಹನಿ ನೀರು ಸಿರಪ್ಪನ್ನ ತೆಳು ಮಾಡುತ್ತೆ, ಬೂಸ್ಟು ಬರೋದಕ್ಕೂ ದಾರಿ ಅದೇ. ಔಷಧಿ ಹಾಕೋ ಮೊದಲು ನೀರು ತುಂಬಿ, ಮುಚ್ಚಿ, ಹಳೇ ಪೇಪರಿನ ಮೇಲೆ ರಾತ್ರಿಯೆಲ್ಲ ತಲೆಕೆಳಗಾಗಿ ನಿಲ್ಲಿಸಿ. ಬೆಳಿಗ್ಗೆ ಪೇಪರಿನ ಮೇಲೆ ಉಂಗುರ ಕಂಡರೆ ಆ ಬಾಟ್ಲಿ ಕಸಕ್ಕೆ. ಇಲ್ಲದಿದ್ದರೆ ನೀರು ಚೆಲ್ಲಿ ಮತ್ತೆ ಪೂರ್ತಿ ಆರಿಸಿ. ತುಂಬುವಾಗ ಕಂಠದವರೆಗೆ ತುಂಬಬೇಡಿ. ಸಸ್ಪೆನ್ಷನ್ ಅಂದರೆ ತಳದಲ್ಲಿ ಪುಡಿ ಕೂರೋ ಜಾತಿಯದ್ದು, ಲೇಬಲ್ ಮೇಲೆ ಅಲ್ಲಾಡಿಸಿ ಬಳಸಿ ಅಂತ ಇರುತ್ತಲ್ಲ, ಅದು. ಅದಕ್ಕೆ ಕಾಲು ಭಾಗ ಖಾಲಿ ಬಿಡಿ, ಇಲ್ಲದಿದ್ದರೆ ಒಳಗೆ ಅಲ್ಲಾಡೋಕೆ ಜಾಗವೇ ಇರಲ್ಲ. ದೊಡ್ಡ ಬಾಟ್ಲಿಯನ್ನ ಅಲ್ಲಾಡಿಸದೆ ಮೇಲಿಂದ ಬಗ್ಗಿಸಿಕೊಂಡರೆ ಪ್ರವಾಸಕ್ಕೆ ನೀರು ಹೋಯ್ತು, ಔಷಧಿ ಮನೆಯಲ್ಲೇ ಉಳೀತು. ವಾರದ ಕೊನೆಗೆ ತಳದ ಗಟ್ಟಿ ಕುಡಿದವರಿಗೆ ಡೋಸ್ ಜಾಸ್ತಿ.

ಇನ್ನೊಂದು ಸಣ್ಣ ವಿಷಯ ಯಾರೂ ಯೋಚಿಸಲ್ಲ. 10 ಎಂಎಲ್ ಅಳೆದು ಸಣ್ಣ ಬಾಟ್ಲಿಗೆ ಹಾಕಿದರೆ ವಾಪಸ್ 10 ಬರಲ್ಲ. ಮಲಬದ್ಧತೆಗೆ ಕೊಡೋ ಲ್ಯಾಕ್ಟುಲೋಸ್‌ನಂಥ ಜೇನಿನ ಹಾಗಿರೋ ದ್ರವ ಗೋಡೆಗೆ ಅಂಟಿ ಕೂರುತ್ತೆ. ಅದಕ್ಕೇ ಒಂದೆರಡು ಎಂಎಲ್ ಹೆಚ್ಚಿಗೆ ತುಂಬಿ, ತಗೊಳ್ಳುವಾಗ ಮತ್ತೆ ಅಳೆಯಿರಿ. ಅಳೆಯೋಕೆ 5 ಎಂಎಲ್ ಓರಲ್ ಸಿರಿಂಜ್, ಅಂದರೆ ಬಾಯಿಗೆ ಔಷಧಿ ಹಾಕೋ, ಸೂಜಿ ಇಲ್ಲದ ಸಿರಿಂಜ್. ಅದು ಸಿಗದಿದ್ದರೆ, ಸೂಜಿಯನ್ನ ಮಕ್ಕಳ ಕೈಗೆ ಸಿಗದಂತೆ ತೆಗೆದು ಬಿಸಾಕಿದ ಸಾದಾ ಸಿರಿಂಜ್. ಅಲುಗಾಡೋ ಬಸ್ಸಲ್ಲಿ ಮುಚ್ಚಳದ ಕಪ್ಪಿಗೆ ಬಗ್ಗಿಸೋ ಸಾಹಸ ಬೇಡ. ಸಿರಿಂಜಲ್ಲಿ ಎಳೆದು, ಗುಳ್ಳೆ ಮೇಲೆ ಬರೋ ಹಾಗೆ ನೆಟ್ಟಗೆ ಹಿಡಿದು ಗುಳ್ಳೆ ಹೊರಗೆ ತಳ್ಳಿ, ಗೆರೆ ಕಣ್ಣಿನ ಮಟ್ಟಕ್ಕೆ ತಂದು ನೋಡಿ. ಮಗುವನ್ನ ಕೂರಿಸಿ, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವೇ ಬಿಡಿ. ಗಂಟಲಿಗೆ ನೇರ ಚಿಮ್ಮಿಸಿದರೆ ನೆತ್ತಿಗೆ ಹತ್ತುತ್ತೆ. ಇಡೀ ಕೆಲಸ ಅರ್ಧ ನಿಮಿಷದ್ದು, ಕೈ ತೊಳೆಯೋ ಜಾಗದಲ್ಲಿ ಮುಖ ಆ ಕಡೆ ತಿರುಗಿಸಿದರೆ ಅಜ್ಜಿಗೂ ಗೊತ್ತಾಗಲ್ಲ.

"ಸಿರಿಂಜಲ್ಲೇ ತುಂಬ್ಕೊಂಡು ಹೋದ್ರೆ?" ಅಂತ ಕೇಳ್ತಾರೆ. ತುದಿಗೆ ಮುಚ್ಚಳ ಇರೋ ಓರಲ್ ಸಿರಿಂಜ್ ಆದರೆ, ಅದೂ ಅವತ್ತಿನ ಒಂದು ಡೋಸಿಗೆ, ಸರಿ. ಕುಡಿಸೋ ಮೊದಲು ಆ ಮುಚ್ಚಳ ತೆಗೆದು ನಿಮ್ಮ ಜೇಬಿಗೆ ಹಾಕ್ಕೊಳ್ಳಿ. ಮರೆತು ತಳ್ಳಿದರೆ ಅದು ಹಾರಿ ಮಗುವಿನ ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳೋ ಅಪಾಯ ನಿಜಕ್ಕೂ ಇದೆ. ಸಾದಾ ಸಿರಿಂಜಿಗೆ ಸೂಜಿ ತೆಗೆದ ಮೇಲೆ ಮುಚ್ಚಳವೇ ಇರಲ್ಲ. ಸೋರದಿರಲಿ ಅಂತ ಸೂಜಿಯನ್ನೇ ವಾಪಸ್ ಸಿಕ್ಕಿಸಿಕೊಂಡು ಬಂದವರನ್ನ ನೋಡಿದ್ದೀನಿ. ಕುಡಿಯೋ ಔಷಧಿ ತುಂಬಿದ, ಸೂಜಿ ಇರೋ ಸಿರಿಂಜ್! ಆಸ್ಪತ್ರೆಯ ಗಲಾಟೆಯಲ್ಲಿ ಅದನ್ನ ಯಾರಾದರೂ ಇಂಜೆಕ್ಷನ್ ಅಂದುಕೊಂಡರೆ? ಖಾಲಿ ಸಿರಿಂಜ್, ಸಣ್ಣ ಬಾಟ್ಲಿ ಎರಡನ್ನೂ ಪ್ರಯಾಣಕ್ಕೆ ಒಯ್ಯೋ ಟೂತ್‌ಬ್ರಷ್ ಡಬ್ಬಿಯಲ್ಲೋ ಕನ್ನಡಕದ ಗಟ್ಟಿ ಡಬ್ಬಿಯಲ್ಲೋ ಇಡಿ. ಯಾರೂ ತೆಗೆದು ನೋಡಲ್ಲ. ಇನ್ಸುಲಿನ್ ಸಿರಿಂಜನ್ನ ಮಾತ್ರ ಅಳತೆಗೆ ಬಳಸಬೇಡಿ. ಅದರ ಮೇಲಿರೋದು ಯೂನಿಟ್, ಎಂಎಲ್ ಅಲ್ಲ.

ಈಗ ಲೇಬಲ್. ಸುತ್ತಿ ಸುತ್ತಿ ಇಲ್ಲಿಗೇ ಬರ್ತೀನಿ, ಬೈಕೊಳ್ಳಿ ಪರವಾಗಿಲ್ಲ. ಬಿಳಿ ಪೇಪರ್ ಟೇಪ್, ಗಾಯಕ್ಕೆ ಹಚ್ಚೋದು, ಒಂದು ತುಂಡು. ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಔಷಧಿಯ ಹೆಸರು, 5 ಎಂಎಲ್‌ಗೆ ಎಷ್ಟು ಮಿಲಿಗ್ರಾಂ, ಒಂದು ಸಲಕ್ಕೆ ಎಷ್ಟು ಎಂಎಲ್, ತುಂಬಿದ ತಾರೀಕು. ಮೇಲೆ ಪಾರದರ್ಶಕ ಟೇಪ್ ಒಂದು ಸುತ್ತು, ಇಲ್ಲದಿದ್ದರೆ ಸಿರಪ್ ಜಿನುಗಿ ಶಾಯಿ ಕಲಸಿಹೋಗುತ್ತೆ. ಬ್ಯಾಚ್ ನಂಬರು, ಎಕ್ಸ್‌ಪೈರಿ ಬರೆಯೋಕೆ ಜಾಗ ಸಾಲದಿದ್ದರೆ ಅಸಲಿ ಲೇಬಲ್ಲಿನ ಫೋಟೋ ಮೊಬೈಲಲ್ಲಿರಲಿ. ಬ್ಯಾಚ್ ನಂಬರ್ ಯಾಕೆ ಅಂತೀರಾ? 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತರಲ್ಲ, ಅದರಲ್ಲಿ ಸಿಕ್ಕಿದ್ದು ಡೈಎಥಿಲೀನ್ ಗ್ಲೈಕಾಲ್, ಕಿಡ್ನಿ ಕೆಡಿಸೋ ವಿಷ. ಆಗ ದೇಶವೆಲ್ಲ ಮನೆಯಲ್ಲಿದ್ದ ಬಾಟ್ಲಿ ತಿರುಗಿಸಿ ಹೆಸರು, ಬ್ಯಾಚು ನೋಡಿತು. ಎಣ್ಣೆ ಬಾಟ್ಲಿಯನ್ನ ತಿರುಗಿಸಿದರೆ ಏನು ಕಾಣುತ್ತೆ? ತೆಂಗಿನಮರ.

ಅಂಗಡಿಯವರು ಹೇಳಬೇಕಿತ್ತು ಅಂತ ಕಮೆಂಟ್ ಹಾಕೋಕೆ ಬೆರಳು ತುರಿಸ್ತಿದೆ ಅಲ್ವಾ? ಹಾಕಿ. ಸಂಜೆ ಏಳರ ಹೊತ್ತಿಗೆ ಕೌಂಟರಿನ ಮುಂದೆ ಹತ್ತು ಕೈ ಚಾಚಿರುವಾಗ "ದಿನಕ್ಕೆ ಮೂರು ಸಲ" ಅಂತ ಬಿಟ್ಟು ನನ್ನ ಬಾಯಿಂದಲೂ ಬೇರೆ ಏನೂ ಬರಲ್ಲ.

ಎಲ್ಲವನ್ನೂ ಹೀಗೆ ಸುರಿಯೋಕೂ ಆಗಲ್ಲ. ಡ್ರಾಪ್ಸನ್ನ ಅದರದ್ದೇ ಡ್ರಾಪರ್ ಇರೋ ಬಾಟ್ಲಿಯಲ್ಲೇ ಒಯ್ಯಿರಿ, ಒಂದು ಡ್ರಾಪರಿನ ಹನಿ ಇನ್ನೊಂದರ ಹನಿಯಷ್ಟೇ ಇರಲ್ಲ. ಫಿಟ್ಸ್ ಔಷಧಿಯಂತೂ ಅಸಲಿ ಬಾಟ್ಲಿ, ಜೊತೆಗೆ ಡಾಕ್ಟ್ರ ಚೀಟಿ. ಬಸ್ ಕೆಟ್ಟು ಅರ್ಧ ದಿನ ದಾರಿಯಲ್ಲೇ ಉಳಿದರೆ ಒಂದು ಡೋಸ್ ಸಾಕಾಗಲ್ಲ. ಪುಡಿಗೆ ನೀರು ಬೆರೆಸೋ ಆಂಟಿಬಯೋಟಿಕ್ ಸಿರಪ್, ಮುಖ್ಯವಾಗಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಬೆರೆಸಿದ ಮೇಲೆ 2ರಿಂದ 8 ಡಿಗ್ರಿಯಲ್ಲಿರಬೇಕು, ಸಾಮಾನ್ಯವಾಗಿ ಏಳು ದಿನಕ್ಕೆ ಬಿಸಾಕಬೇಕು. ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಟವಲ್ ಸುತ್ತಿದ ಐಸ್ ಪ್ಯಾಕ್ ಜೊತೆ ಇಡಿ. ಐಸಿಗೆ ನೇರ ತಾಗಿ ಹೆಪ್ಪುಗಟ್ಟಬಾರದು. ಊರು ತಲುಪಿದ ಮೇಲೆಯೇ ಶುರು ಮಾಡೋದಾದರೆ ಪುಡಿಯಾಗಿಯೇ ಒಯ್ದು ಅಲ್ಲೇ ಬೆರೆಸಿ.

ಬಿಸಿಲಿನ ಮಾತು ಬಂತು. ನಮ್ಮಲ್ಲಿ ಏಪ್ರಿಲ್ಲಿಗೆ 38-40 ಡಿಗ್ರಿ. ಬಹಳಷ್ಟು ಸಿರಪ್ಪಿನ ಲೇಬಲ್ಲಿನ ಮೇಲೆ 25 ಅಥವಾ 30ರ ಕೆಳಗೆ ಇಡಿ ಅಂತ ಇರುತ್ತೆ. ಸ್ಕೂಟರಿನ ಸೀಟಿನ ಕೆಳಗೆ ಎಂಜಿನ್ ಕಾವು ಬೇರೆ. ನಾಯಕನಹಟ್ಟಿ ತೇರಿಗೆ ಹೋದವರು ಕಾರನ್ನ ಬಯಲಲ್ಲಿ ನಿಲ್ಲಿಸಿ, ಡ್ಯಾಶ್‌ಬೋರ್ಡ್ ಮೇಲೆ ಬಾಟ್ಲಿ ಬಿಟ್ಟು ದೇವರ ಮೇಲೆ ಭಾರ ಹಾಕ್ತಾರೆ. ಬ್ಯಾಗಿನ ನಡುವೆ, ಬಟ್ಟೆಯ ಪದರದೊಳಗೆ, ನಿಮ್ಮ ಜೊತೆಯಲ್ಲೇ ಇರಲಿ.

ದಶಮೂಲಾರಿಷ್ಟ ಅನ್ನೋ ಆಯುರ್ವೇದದ ಔಷಧಿ ಕುಡಿಯೋರಿಗೂ ಒಂದು ಮಾತು. ಸಮ ನೀರು ಬೆರೆಸಿಯೇ ಕುಡಿಯಬೇಕು ಅಂತ ಮನೆಯಿಂದಲೇ ಬೆರೆಸಿಕೊಂಡು ಹೋಗಬೇಡಿ. ಅರಿಷ್ಟವನ್ನ ಕೆಡದಂತೆ ಇಡೋದು ಅದರೊಳಗೆ ತಾನಾಗಿ ಹುಟ್ಟಿದ ಮದ್ಯಸಾರ. ನೀರು ಬಿದ್ದರೆ ಆ ಕಾವಲು ಸಡಿಲ. ಹಾಗೇ ಒಯ್ದು, ಕುಡಿಯೋ ಹೊತ್ತಿಗೆ ಬೆರೆಸಿ. ಬಸ್ಸಿನ ಕಿಟಕಿ ಪಕ್ಕ ಕೂತು ಕುಡಿದರೆ ವಾಸನೆಗೆ ಹಿಂದಿನ ಸೀಟಿನವರು ಏನಂದ್ಕೊಳ್ತಾರೆ ಅನ್ನೋದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ. ಇಲ್ಲಿ ಲೇಬಲ್ ಇನ್ನೂ ಜರೂರು, ಮರ್ಯಾದೆ ಉಳಿಸೋಕಾದರೂ.

ಮನೆಗೆ ಬಂದ ಮೇಲೆ ಉಳಿದ ಒಂದೆರಡು ಎಂಎಲ್ ಚೆಲ್ಲಿಬಿಡಿ. ದುಡ್ಡು ಕೊಟ್ಟದ್ದು ಅಂತ ದೊಡ್ಡ ಬಾಟ್ಲಿಗೆ ವಾಪಸ್ ಸುರಿದರೆ, ಮಂಟಪದ ಧೂಳು, ಸಿರಿಂಜಿಗೆ ತಾಗಿದ ಎಂಜಲು ಎಲ್ಲ ಅದರ ಜೊತೆ ಹೋಗುತ್ತೆ. ಬಾಟ್ಲಿ, ಸಿರಿಂಜ್ ಎರಡನ್ನೂ ಅವತ್ತೇ ಬೆಚ್ಚಗಿನ ನೀರಲ್ಲಿ ತೊಳೀರಿ. ಬೆಳಗಿನವರೆಗೆ ಬಿಟ್ಟರೆ ಸಕ್ಕರೆ ಗಟ್ಟಿಯಾಗಿ ಸಿರಿಂಜಿನ ಕಡ್ಡಿ ಜಪ್ಪಯ್ಯ ಅಂದರೂ ಅಲ್ಲಾಡಲ್ಲ. ತೊಳೆದೂ ತೊಳೆದೂ ಅದರ ಮೇಲಿನ ಗೆರೆ ಮಾಸಿದ ದಿನ ಹೊಸದು ತಗೊಳ್ಳಿ, ಒಂದು ಬೆಣ್ಣೆ ದೋಸೆಗಿಂತ ಅಗ್ಗ.