ಟ್ರಯಾಂಗ್ಯುಲೇಶನ್ ಅಂದರೆ ತ್ರಿಕೋನ ಸ್ಪರ್ಧೆ ಅಲ್ಲ

ರಾಜಕೀಯದಲ್ಲಿ ಟ್ರಯಾಂಗ್ಯುಲೇಶನ್ ಅಂದರೆ ಮೂರು ಪಕ್ಷಗಳ ತ್ರಿಕೋನ ಸ್ಪರ್ಧೆ ಅಂತ ನಮ್ಮ ಶಿವಮೊಗ್ಗದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಅದು ತಪ್ಪು.

ಟ್ರಯಾಂಗ್ಯುಲೇಶನ್ ಮೂಲದಲ್ಲಿ ಭೂಮಿ ಅಳೆಯುವ ಸರ್ವೆಯವರ ಮಾತು. ಹೊಸನಗರದ ಕಡೆ ಗದ್ದೆ ಬಯಲಲ್ಲಿ ಎರಡು ಗೂಟ ಹೊಡೆಯಿರಿ. ನಡುವಿನ ದೂರವನ್ನು ಸರಪಳಿ ಹಿಡಿದು ಸರಿಯಾಗಿ ಅಳೆಯಿರಿ. ಒಂದೊಂದು ಗೂಟದ ಹತ್ತಿರವೂ ನಿಂತು, ಇನ್ನೊಂದು ಗೂಟದ ಕಡೆಗಿನ ಗೆರೆಯಿಂದ ಕೊಡಚಾದ್ರಿಯ ತುದಿ ಯಾವ ಕೋನದಲ್ಲಿ ಕಾಣುತ್ತದೆ ನೋಡಿ. ಅಷ್ಟು ಸಾಕು. ಕಾಡು ದಾಟದೆ, ಬೆಟ್ಟ ಹತ್ತದೆ ತುದಿ ಎಷ್ಟು ದೂರ ಅಂತ ಲೆಕ್ಕ ಸಿಗುತ್ತದೆ. 1802ರಲ್ಲಿ ಮದ್ರಾಸಿನಲ್ಲಿ ಆಧಾರ ರೇಖೆ, ಅಂದರೆ ಆ ಎರಡು ಗೂಟಗಳ ನಡುವಿನಂಥ ಗೆರೆ, ಅಳೆದು ಬ್ರಿಟಿಷ್ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಶುರು ಮಾಡಿದ ಭಾರತದ ದೊಡ್ಡ ಸರ್ವೆ ನಡೆದದ್ದೂ ಹೀಗೇ. ಎಷ್ಟು ಚೆಂದದ ಲೆಕ್ಕ ಅಲ್ವಾ?

ರಾಜಕೀಯದ ಅರ್ಥ ಅಮೆರಿಕದ್ದು. 1994ರ ಚುನಾವಣೆಯಲ್ಲಿ ಅಲ್ಲಿನ ಸಂಸತ್ತಿನ ಎರಡೂ ಸದನ ರಿಪಬ್ಲಿಕನ್ನರ ಪಾಲಾದವು. ಆಮೇಲೆ ಎದುರು ಪಕ್ಷವಾದ ಡೆಮಾಕ್ರಟಿಕ್ ಪಕ್ಷದ ಅಂದಿನ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಸಲಹೆಗಾರ ಡಿಕ್ ಮಾರಿಸ್ ಈ ಪದವನ್ನು ಬಳಕೆಗೆ ತಂದರು. ಎರಡು ಪಕ್ಷಗಳು ಎರಡು ಗೂಟ. ಅಧ್ಯಕ್ಷರು ಸುಮ್ನೆ ಅವುಗಳ ನಡುವೆ ನಿಲ್ಲುವುದಲ್ಲ, ಎರಡಕ್ಕೂ ಮೇಲೆ ಮೂರನೇ ತುದಿಯಲ್ಲಿ ನಿಲ್ಲಬೇಕು. ಎದುರಾಳಿಯ ಜನಪ್ರಿಯ ವಿಷಯವನ್ನೂ ತಮ್ಮದಾಗಿ ಎತ್ತಿಕೊಳ್ಳಬೇಕು. 1996ರ ಆಗಸ್ಟಿನಲ್ಲಿ ಕ್ಲಿಂಟನ್ ಸಹಿ ಹಾಕಿದ ಬಡವರ ನೆರವಿನ ಕಾಯ್ದೆ ಇದಕ್ಕೆ ಜಾಸ್ತಿ ಹೇಳುವ ಉದಾಹರಣೆ. ರಿಪಬ್ಲಿಕನ್ನರು ಕೇಳುತ್ತಿದ್ದಂತೆ ನೆರವಿಗೆ ಕಾಲಮಿತಿ ಬಂತು, ಕೆಲಸದ ಷರತ್ತು ಬಂತು. ಅವರ ಸ್ವಂತ ಪಕ್ಷದ ಹಲವರೇ ಅದನ್ನು ವಿರೋಧಿಸಿದರು.

ಇದರಲ್ಲಿ ಮೂರನೇ ಅಭ್ಯರ್ಥಿಯ ಮಾತೇ ಇಲ್ಲ. ನಮ್ಮಲ್ಲಿ ಕಾಂಗ್ರೆಸ್, ಬಿಜೆಪಿ, ಜೆಡಿಎಸ್ ಬೇರೆ ಬೇರೆಯಾಗಿ ನಿಂತರೆ ತ್ರಿಕೋನ ಸ್ಪರ್ಧೆ ಅಂತಲೇ ಬರೆಯಿರಿ, ಆ ಮಾತು ಸರಿಯಾಗಿದೆ.