ಟ್ರೀ ತಿರುಗಿಸಿದವರಿಗೇ ಕೆಲಸವಾ?

ಸಾಫ್ಟ್‌ವೇರ್ ಕೆಲಸದ ಇಂಟರ್‌ವ್ಯೂನಲ್ಲಿ ಕೋಡಿಂಗ್ ಒಗಟು ಬಿಡಿಸಲು ಹೇಳುವುದು ಸರಿಯಾ? ಇಬ್ಬರು ಪ್ರೋಗ್ರಾಮರ್‌ಗಳ ವಾದ ಇಲ್ಲಿದೆ.

ಪರ: ಕಾಲೇಜಿನ ಹೆಸರು ಕೇಳದ ಪರೀಕ್ಷೆ ಇದೊಂದೇ

ನಾನು ಓದಿದ ಕಾಲೇಜಿನ ಹೆಸರು ಹೇಳಿದರೆ ಬೆಂಗಳೂರಿನಲ್ಲಿ "ಅದೆಲ್ಲಿ ಬರುತ್ತೆ?" ಅಂತ ಕೇಳುತ್ತಾರೆ. ನಮ್ಮಲ್ಲಿಗೆ ದೊಡ್ಡ ಕಂಪನಿಗಳು ಪ್ಲೇಸ್‌ಮೆಂಟ್‌ಗೆ ಬರುತ್ತಿರಲಿಲ್ಲ. ರೆಫರಲ್ ಕೊಡಿಸುವ ಅಣ್ಣನೋ ಮಾವನೋ ಇರಲಿಲ್ಲ. ಇಂಗ್ಲಿಷ್ ಮಾತಾಡುವಾಗ ನಾಲಿಗೆ ತಡವರಿಸುತ್ತಿತ್ತು. ನನಗೆ ಸಿಕ್ಕಿದ್ದು ಒಂದು ಆನ್‌ಲೈನ್ ಟೆಸ್ಟ್ ಲಿಂಕ್ ಅಷ್ಟೇ. 90 ನಿಮಿಷ, 3 ಪ್ರಶ್ನೆ. ಕೋಡ್ ಓಡಿತು, ಮುಂದಿನ ರೌಂಡ್‌ಗೆ ಕರೆದರು. ಆ ಟೆಸ್ಟ್ ಇಲ್ಲದಿದ್ದರೆ ನನ್ನ ರೆಸ್ಯೂಮೆಯನ್ನು ಯಾರೂ ತೆರೆದೇ ನೋಡುತ್ತಿರಲಿಲ್ಲ.

ವಿಮಾನದೊಳಗೆ ಎಷ್ಟು ಗಾಲ್ಫ್ ಚೆಂಡು ಹಿಡಿಸುತ್ತೆ ಅನ್ನುವಂಥ ತರಲೆ ಪ್ರಶ್ನೆಗಳ ಪರ ನಾನಿಲ್ಲ. ಅವು ಬರೀ ಟೈಮ್ ವೇಸ್ಟ್ ಅಂತ ಗೂಗಲ್‌ನ ಎಚ್‌ಆರ್ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ 2013ರಲ್ಲೇ ಒಪ್ಪಿಕೊಂಡಿದ್ದರು. ನಾನು ಹೇಳುತ್ತಿರುವುದು ಡಿಎಸ್‌ಎ (ಡೇಟಾ ಸ್ಟ್ರಕ್ಚರ್ಸ್ ಮತ್ತು ಆಲ್ಗರಿದಮ್ಸ್) ಬಗ್ಗೆ, ಅಂದರೆ ಮಾಹಿತಿಯನ್ನು ಜೋಡಿಸಿಡುವ, ಅದರಲ್ಲಿ ಬೇಗ ಹುಡುಕುವ ವಿಧಾನಗಳ ಬಗ್ಗೆ.

"ದಿನದ ಕೆಲಸದಲ್ಲಿ ಅದೆಲ್ಲಿ ಬರುತ್ತೆ?" ಅಂತ ಕೇಳುವವರಿಗೆ ಜಿಟಿಎ ಆನ್‌ಲೈನ್ ಕಥೆ ಹೇಳುತ್ತೇನೆ. ಆ ಗೇಮ್ ಶುರುವಾಗಲು ಒಬ್ಬ ಆಟಗಾರನ ಕಂಪ್ಯೂಟರ್‌ನಲ್ಲಿ ಸುಮಾರು 6 ನಿಮಿಷ ಹಿಡಿಯುತ್ತಿತ್ತು. ಕಾದು ಕಾದು ಸಾಕಾಗಿ 2021ರಲ್ಲಿ ಆತನೇ ಒಳಹೊಕ್ಕು ನೋಡಿದ. ಗೇಮ್‌ನೊಳಗೆ ಮಾರುವ ಸಾಮಾನುಗಳ ಪಟ್ಟಿ, ಸುಮಾರು 63,000. ಪ್ರತಿ ಹೊಸ ಸಾಮಾನು ಬಂದಾಗಲೂ "ಇದು ಮೊದಲೇ ಇದೆಯಾ?" ಅಂತ ಪಟ್ಟಿಯನ್ನು ಮೊದಲಿಂದ ಹುಡುಕುತ್ತಿತ್ತು. ಲೆಕ್ಕ ಹಾಕಿ, ಹತ್ತಿರ ಹತ್ತಿರ 200 ಕೋಟಿ ಹೋಲಿಕೆ! ಜೊತೆಗೆ ಫೈಲ್ ಓದುವ ಕೋಡ್‌ನಲ್ಲೂ ಇದೇ ಥರದ ಎಡವಟ್ಟು. ಎರಡನ್ನೂ ಸರಿಮಾಡಿದಾಗ ಗೇಮ್ ಎರಡು ನಿಮಿಷದೊಳಗೆ ತೆರೆದುಕೊಂಡಿತು. ಗೇಮ್ ಮಾಡಿದ ರಾಕ್‌ಸ್ಟಾರ್ ಕಂಪನಿ ತಪ್ಪನ್ನು ಒಪ್ಪಿಕೊಂಡು ಆತನಿಗೆ 10,000 ಡಾಲರ್ ಕೊಟ್ಟಿತು.

ಪಟ್ಟಿಯಲ್ಲಿ ಒಂದೇ ವಸ್ತು ಎರಡು ಸಲ ಇದೆಯಾ ಅಂತ ಹುಡುಕುವುದು ಫ್ರೆಶರ್‌ಗೆ ಮೊದಲ ಹತ್ತು ನಿಮಿಷದಲ್ಲಿ ಕೇಳುವ ಪ್ರಶ್ನೆ. ಹ್ಯಾಶ್ ಟೇಬಲ್ (ಪಟ್ಟಿ ಪೂರ್ತಿ ಹುಡುಕದೆ ನೇರ ಆ ಜಾಗಕ್ಕೇ ಹೋಗಿ ನೋಡುವ ವಿಧಾನ) ಅಂದರೆ ಮುಗೀತು. ಅದನ್ನು ಕೇಳಬಾರದು ಅಂದರೆ ಹೇಗೆ?

ವಿರೋಧ: ಗಡ್ಡ ಕೆರೆದುಕೊಳ್ಳುವ ಕಲೆ

ನನಗೆ 11 ವರ್ಷದ ಅನುಭವ. ಕಳೆದ ಸಲ ಕೆಲಸ ಬದಲಿಸುವಾಗ ಮಗಳನ್ನು ಮಲಗಿಸಿ, ರಾತ್ರಿ ಹತ್ತರ ಮೇಲೆ ಇಂಥ ಪ್ರಶ್ನೆಗಳ ಅಭ್ಯಾಸಕ್ಕಿರುವ ಲೀಟ್‌ಕೋಡ್ ವೆಬ್‌ಸೈಟ್ ಹಚ್ಚಿ ಕೂರುತ್ತಿದ್ದೆ. ಒಂದು ಕಂಪನಿಯ ಇಂಟರ್‌ವ್ಯೂನಲ್ಲಿ ಎದುರಿನವರು ಕ್ಯಾಮೆರಾ ಆಫ್ ಮಾಡಿದ್ದರು. ಅವರ ಕೀಬೋರ್ಡ್ ಟಕಟಕ ಮಾತ್ರ ಕೇಳುತ್ತಿತ್ತು. ಪ್ರಶ್ನೆ: ಬೇರೆ ಬೇರೆ ಎತ್ತರದ ಗೋಡೆಗಳ ನಡುವೆ ಎಷ್ಟು ಮಳೆನೀರು ನಿಲ್ಲುತ್ತೆ? ದಿನಾ ಔಟರ್ ರಿಂಗ್ ರೋಡ್‌ನಲ್ಲಿ ಓಡಾಡುವವನಿಗೆ ಕೇಳುವ ಪ್ರಶ್ನೆಯಾ ಇದು!

ನನಗೆ ಅದು ಹೊಳೆಯಲಿಲ್ಲ. ಇನ್ನೊಂದು ಕಂಪನಿಯಲ್ಲಿ ಕೇಳಿದ ಪ್ರಶ್ನೆಯನ್ನು ಹಿಂದಿನ ರಾತ್ರಿಯೇ ಉತ್ತರ ಸಮೇತ ನೋಡಿದ್ದೆ. ತಕ್ಷಣ ಹೇಳಿದರೆ ಅನುಮಾನ ಬರುತ್ತೆ ಅಲ್ವಾ? ಎರಡು ನಿಮಿಷ ಗಡ್ಡ ಕೆರೆದುಕೊಂಡೆ. ಬೇಕೆಂದೇ ಒಂದು ತಪ್ಪು ದಾರಿ ಹಿಡಿದು "ಓ, ಇದು ಸರಿಯಾಗಲ್ಲ" ಅಂದೆ. ಆಮೇಲೆ ಉತ್ತರ ಬರೆದೆ. ಆಫರ್ ಬಂತು.

ಹೆದರಿಕೆ ವಿಷಯ ಬೇರೆ. ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿ ಮತ್ತು ಮೈಕ್ರೋಸಾಫ್ಟ್ ಸಂಶೋಧಕರು 2020ರಲ್ಲಿ 48 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪು ಕೋಣೆಯಲ್ಲಿ ಒಬ್ಬೊಬ್ಬರೇ ಬೋರ್ಡ್ ಮೇಲೆ ಬಿಡಿಸಿತು. ಇನ್ನೊಂದು ಗುಂಪಿನವರು ಇಂಟರ್‌ವ್ಯೂ ಮಾಡುವವರ ಕಣ್ಣೆದುರು, ಬಾಯಿಬಿಟ್ಟು ವಿವರಿಸುತ್ತಾ ಬಿಡಿಸಬೇಕಿತ್ತು. ಅವರ ಸಾಧನೆ ಅರ್ಧಕ್ಕಿಂತ ಕೆಳಗಿಳಿಯಿತು. ಹಾಗಾದರೆ ನಾವು ಅಳೆಯುತ್ತಿರುವುದು ಜಾಣತನವನ್ನಾ, ಧೈರ್ಯವನ್ನಾ?

ಮ್ಯಾಕ್ ಬಳಸುವ ಪ್ರೋಗ್ರಾಮರ್‌ಗಳಿಗೆ ಹೋಂಬ್ರೂ ಅನ್ನೋ, ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವ ಟೂಲ್ ಗೊತ್ತಿರುತ್ತೆ. ಅದನ್ನು ಶುರುಮಾಡಿದ ಮ್ಯಾಕ್ಸ್ ಹವೆಲ್ ಅವರನ್ನು 2015ರಲ್ಲಿ ಗೂಗಲ್ ಬೇಡ ಅಂದಿತು. ಬೋರ್ಡ್ ಮೇಲೆ ಬೈನರಿ ಟ್ರೀ (ಎರಡೆರಡು ಕವಲಾಗಿ ಜೋಡಿಸಿದ ಡೇಟಾ) ತಿರುಗಿಸಲಾಗದ್ದಕ್ಕೆ, ಅಂದರೆ ಅದರ ಎಡ-ಬಲ ಅದಲುಬದಲು ಮಾಡಲಾಗದ್ದಕ್ಕೆ ಹೀಗಾಯ್ತು ಅಂತ ಅವರೇ ಟ್ವೀಟ್ ಮಾಡಿದ್ದರು.

ಸಣ್ಣ ಕಾಲೇಜಿನವರಿಗೆ ಇದೊಂದೇ ಬಾಗಿಲು ಅನ್ನೋ ಮಾತು ಫ್ರೆಶರ್‌ಗಳ ಮಟ್ಟಿಗೆ ನಿಜವೇ. ಆದರೆ ಆ ಬಾಗಿಲಿಗೂ ಈಗ ಲಕ್ಷಗಟ್ಟಲೆ ಫೀಸಿನ ಕೋಚಿಂಗ್ ಬಂದಿದೆ. ಇನ್ನೂರು ಸಾಲಿನ ಕೋಡ್ ಕೊಟ್ಟು, ಅದರಲ್ಲೊಂದು ಬಗ್ ಇಟ್ಟು, ಜೊತೆಗೆ ಒಂದು ಗಂಟೆ ಕೂತರೆ ಮನುಷ್ಯ ಹೇಗೆ ಕೆಲಸ ಮಾಡ್ತಾನೆ ಅಂತ ಗೊತ್ತಾಗುತ್ತೆ. ಕಂಪನಿಗಳಿಗೆ ಅಷ್ಟು ಪುರುಸೊತ್ತಿಲ್ಲ, ಅಷ್ಟೇ.

ಮೊನ್ನೆ ಇಂಟರ್‌ವ್ಯೂ ಮಾಡುವ ಸರದಿ ನನ್ನದೇ ಬಂತು. ಪ್ರಶ್ನೆಗಳ ಪಟ್ಟಿ ಮೊದಲೇ ಕೊಟ್ಟಿದ್ದರು. ಹುಡುಗ ಪ್ರಶ್ನೆ ಓದಿದ, ಸ್ವಲ್ಪ ಹೊತ್ತು ಸೀಲಿಂಗ್ ನೋಡಿದ, ಗಡ್ಡ ಕೆರೆದುಕೊಂಡ. ನಾನು ಸುಮ್ನೆ ಕಾಯುತ್ತಾ ಕೂತೆ.