ಬಿಷಪ್ಪರ ಎರಡು ದೀಪಕಂಬ: ‘ಲೆ ಮಿಸರಾಬ್ಲ್’ ಹೇಳುವುದು ಕೃಪೆಯ ಕಥೆಯನ್ನೇ?

ವಿಕ್ಟರ್ ಹ್ಯೂಗೋ ಅವರ 1862ರ ಕಾದಂಬರಿ ಸಂಗೀತ ನಾಟಕವಾಗಿ 1985ರಲ್ಲಿ ಲಂಡನ್ ರಂಗಕ್ಕೆ ಬಂತು. 2012ರಲ್ಲಿ ಟಾಮ್ ಹೂಪರ್ ಅದನ್ನು ಸಿನಿಮಾ ಮಾಡಿದರು. ಅರ್ಹತೆ ಇಲ್ಲದವನಿಗೂ ದೇವರು ಪುಕ್ಕಟೆಯಾಗಿ ಕೊಡುವುದನ್ನೇ ಕ್ರೈಸ್ತರು ಕೃಪೆ ಎನ್ನುತ್ತಾರೆ. ಸಿನಿಮಾ ಆ ಕೃಪೆಗೆ ನಿಷ್ಠವಾಗಿದೆಯೇ?

ಪರ

ಈ ಚಿತ್ರದ ನಂಬಿಕೆಯನ್ನು ಕಿವಿಯಿಂದ ಹುಡುಕಬೇಕು.

ರೊಟ್ಟಿ ಕದ್ದದ್ದಕ್ಕೆ 5 ವರ್ಷ, ತಪ್ಪಿಸಿಕೊಳ್ಳಲು ನೋಡಿದ್ದಕ್ಕೆ ಉಳಿದದ್ದು, ಒಟ್ಟು 19 ವರ್ಷ ಸೆರೆಯಲ್ಲಿ ಕಳೆದ ಕಥಾನಾಯಕ ವಾಲ್‌ಜಾನ್ ಡೀನ್ಯ್ ಊರಿನ ಬಿಷಪ್ಪರ ಬೆಳ್ಳಿ ಕದ್ದು ಸಿಕ್ಕಿಬೀಳುತ್ತಾನೆ. ಬಿಷಪ್ಪರು ‘ನಾನೇ ಕೊಟ್ಟದ್ದು’ ಎನ್ನುವುದಲ್ಲದೆ, ಬಿಟ್ಟುಹೋದ ಎರಡು ದೀಪಕಂಬಗಳನ್ನೂ, ಅಂದರೆ ಮೇಣದಬತ್ತಿ ನಿಲ್ಲಿಸುವ ಬೆಳ್ಳಿಯ ಕಂಬಗಳನ್ನೂ, ಚೀಲಕ್ಕೆ ಹಾಕುತ್ತಾರೆ. ಅಂಗಿ ಕಿತ್ತುಕೊಳ್ಳುವವನಿಗೆ ಮೇಲಂಗಿಯನ್ನೂ ಬಿಟ್ಟುಕೊಡು ಎಂಬ ಯೇಸುವಿನ ಮಾತು ಇಲ್ಲಿ ಬೆಳ್ಳಿಯ ರೂಪದಲ್ಲಿ ಕಣ್ಣೆದುರು ನಿಲ್ಲುತ್ತದೆ. ಕ್ರಿಸ್ತನ ಯಾತನೆಯನ್ನೂ ರಕ್ತವನ್ನೂ ಬಿಷಪ್ಪರ ಸಾಲುಗಳೇ ಹೆಸರಿಸುತ್ತವೆ. ಆ ಪಾತ್ರದಲ್ಲಿರುವವರು ಲಂಡನ್ನಿನ ಮೊದಲ ವಾಲ್‌ಜಾನ್ ಆಗಿದ್ದ ಕೋಲಮ್ ವಿಲ್ಕಿನ್ಸನ್. ಪಡೆದವನೇ ಈಗ ಕೊಡುವವನಾದ. ರಂಗಭೂಮಿ ಬಲ್ಲವರಿಗೆ ಇದು ಸಣ್ಣ ಸಂತೋಷವಲ್ಲ.

ಆಮೇಲೆ ಪ್ರಾರ್ಥನಾಲಯದಲ್ಲಿ ವಾಲ್‌ಜಾನ್ ‘ನಾನೇನು ಮಾಡಿದೆ’ ಎಂದು ಒದ್ದಾಡುವ ರಾಗವನ್ನು ನೆನಪಿಟ್ಟುಕೊಳ್ಳಿ. ತಾನು ಬೆನ್ನಟ್ಟುತ್ತಿದ್ದ ಆ ಕೈದಿ ವಾಲ್‌ಜಾನನೇ ತನ್ನ ಜೀವ ಉಳಿಸಿದ ಎಂಬುದನ್ನು ಅರಗಿಸಿಕೊಳ್ಳಲಾಗದೆ ಇನ್‌ಸ್ಪೆಕ್ಟರ್ ಜಾವೆರ್ ಸೇನ್ ನದಿಗೆ ಹಾರುವಾಗ ಕೇಳುವುದೂ ಅದೇ ರಾಗ. ಕ್ಷಮೆ ಇಬ್ಬರ ಬಾಗಿಲಿಗೂ ಬಂತು. ಒಬ್ಬ ಕೈಚಾಚಿದ, ಇನ್ನೊಬ್ಬನಿಗೆ ಅದು ಹೊರಲಾರದ ಅವಮಾನವಾಯಿತು. ಯೇಸುವನ್ನು ಅರಿಯೆನೆಂದು ಹೇಳಿ ಅತ್ತು ಮರಳಿದ ಪೇತ್ರನನ್ನೂ, ಯೇಸುವನ್ನು ಹಿಡಿದುಕೊಟ್ಟು ನೇಣು ಹಾಕಿಕೊಂಡ ಯೂದನನ್ನೂ ಅಕ್ಕಪಕ್ಕ ಇಟ್ಟು ಚರ್ಚಿನಲ್ಲಿ ಗಂಟೆಗಟ್ಟಲೆ ಕೊಡುವ ಪ್ರಸಂಗವನ್ನು ಸಂಯೋಜಕ ಶೋನ್‌ಬರ್ಗ್ ಒಂದು ರಾಗದಲ್ಲಿ ಮುಗಿಸಿದ್ದಾರೆ. ಚಿತ್ರ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ: ನಕ್ಷತ್ರಗಳ ಶಿಸ್ತನ್ನು ಹೊಗಳಿ ಹಾಡುವಾಗಲೇ ಜಾವೆರ್‌ನ ಬೂಟುಗಳು ಕಟ್ಟಡದ ಅಂಚಿನ ಮೇಲೆ ನಡೆಯುತ್ತವೆ. ತಪ್ಪದೆ ನಡೆಯುವುದೇ ಅವನ ಧರ್ಮ. ಜಾರಿದವನಿಗೆ ಅದರಲ್ಲಿ ಜಾಗವಿಲ್ಲ.

ಹಾಡುಗಳನ್ನು ಮೊದಲೇ ಧ್ವನಿಮುದ್ರಿಸಿ ತುಟಿ ಆಡಿಸಲಿಲ್ಲ. ಕಿವಿಯೊಳಗಿನ ಪುಟ್ಟ ಸಾಧನದಲ್ಲಿ ಪಿಯಾನೋ ಕೇಳುತ್ತ ನಟರು ಸೆಟ್ಟಿನಲ್ಲೇ ಹಾಡಿದರು, ವಾದ್ಯವೃಂದ ಆಮೇಲೆ ಸೇರಿತು. ವೇಗ ನಟನ ಕೈಯಲ್ಲಿದ್ದುದರಿಂದ ಗಂಟಲು ಕಟ್ಟಿದಲ್ಲಿ ಸಾಲೂ ನಿಲ್ಲುತ್ತದೆ. ಎದೆಯಿಂದ ಬರುವ ಪ್ರಾರ್ಥನೆ ಹಾಗೆಯೇ ಇರುತ್ತದೆ.

ವಿರೋಧ

ಸಿನಿಮಾ ಬಿಟ್ಟಿರುವುದು ಒಂದು ನಾಣ್ಯವನ್ನು. ಆದರೆ ಇಡೀ ಮಾತು ನಿಂತಿರುವುದು ಅದರ ಮೇಲೆ.

ಕಾದಂಬರಿಯಲ್ಲಿ ಬೆಳ್ಳಿ ಪಡೆದ ವಾಲ್‌ಜಾನ್ ತಕ್ಷಣ ಬದಲಾಗುವುದಿಲ್ಲ. ಪೆಟಿ ಜೆರ್ವೆ ಎಂಬ ಬಡ ಹುಡುಗನ 40 ಸೂ ನಾಣ್ಯ ಉರುಳಿ ಬಂದಾಗ ಅದರ ಮೇಲೆ ಕಾಲಿಟ್ಟು, ಹುಡುಗನನ್ನು ಗದರಿಸಿ ಓಡಿಸುತ್ತಾನೆ. ಆಮೇಲೆ ಕಾಲೆತ್ತಿ ನಾಣ್ಯ ಕಂಡಾಗ ಕುಸಿದು ಅಳುತ್ತಾನೆ, 19 ವರ್ಷದಲ್ಲಿ ಮೊದಲ ಸಲ. ಕೃಪೆ ಸಿಕ್ಕ ಮೇಲೂ ಪಾಪ ಮಾಡಿದ್ದೇನೆ ಎಂಬ ಅರಿವಿನಲ್ಲೇ ಮಾನಸಾಂತರ, ಅಂದರೆ ಪಾಪ ಬಿಟ್ಟು ದೇವರ ಕಡೆ ತಿರುಗುವ ಮನಸ್ಸು, ಹುಟ್ಟುತ್ತದೆ. ಚಿತ್ರದಲ್ಲಿ ಒಂದು ಹಾಡು ಮುಗಿಯುವಷ್ಟರಲ್ಲಿ ಮನುಷ್ಯ ಹೊಸಬನಾಗಿರುತ್ತಾನೆ. ಪೆರೋಲ್ ಕಾಗದ ಹರಿದು ಗಾಳಿಗೆ ತೂರುತ್ತಾನೆ, ಕ್ಯಾಮೆರಾ ಮೇಲೇರುತ್ತದೆ. ನೋಡಲು ಭವ್ಯ. ಆದರೆ ಕದ್ದದ್ದನ್ನು ತೀರಿಸುವ ಮಾತೇ ಇಲ್ಲಿಲ್ಲ. ಲೂಕನ ಸುವಾರ್ತೆಯ ಸುಂಕದವ ಜಕ್ಕಾಯ ಮಾತ್ರ ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದಿದ್ದ.

ಇನ್ನೊಂದು ತೊಡಕು ಹಾಡುಗಳ ಸಾಹಿತ್ಯದಲ್ಲೇ ಇದೆ. ತನ್ನ ಬದಲು ನಿರಪರಾಧಿಯೊಬ್ಬ ಶಿಕ್ಷೆಗೆ ಗುರಿಯಾಗುವ ಹೊತ್ತಿನಲ್ಲಿ, ತನ್ನ ಆತ್ಮ ದೇವರಿಗೆ ಸೇರಿದ್ದು, ಎಂದೋ ಮಾಡಿಕೊಂಡ ಒಪ್ಪಂದ ಅದು ಎಂದು ವಾಲ್‌ಜಾನ್ ಹಾಡುತ್ತಾನೆ. ಒಪ್ಪಂದವೇ? ಕೊಟ್ಟ ಬೆಳ್ಳಿಗೆ ಬಿಷಪ್ಪರೂ ಷರತ್ತು ಹಾಕುತ್ತಾರೆ: ಇದರಿಂದ ಪ್ರಾಮಾಣಿಕನಾಗು. ಮುಂದಿನ ಬದುಕೆಲ್ಲ ಸಾಲ ತೀರಿಸುವವನ ಬದುಕಿನಂತೆ ಕಾಣುವುದು ಇದರಿಂದಲೇ.

ಜಾವೆರ್‌ಗೂ ಅನ್ಯಾಯವಾಗಿದೆ. ಧರ್ಮಶಾಸ್ತ್ರ, ಅಂದರೆ ದೇವರು ಕೊಟ್ಟ ಕಾನೂನು, ಪರಿಶುದ್ಧವಾದದ್ದು, ನ್ಯಾಯವಾದದ್ದು ಎಂದು ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ. ಚಿತ್ರದಲ್ಲಿ ಕಾನೂನಿಗೆ ಮುಖವಿರುವುದು ಬೆನ್ನಟ್ಟುವವನಲ್ಲಿ ಮಾತ್ರ. ಕಾನೂನಿನ ಬೆಲೆ ತಿಳಿಯದ ಪ್ರೇಕ್ಷಕನಿಗೆ ಕ್ಷಮೆಯ ಬೆಲೆಯೂ ತಿಳಿಯುವುದಿಲ್ಲ.

ಕೊನೆಗೆ ಬಿಷಪ್ಪರು ಮಠದ ಬಾಗಿಲಲ್ಲಿ ವಾಲ್‌ಜಾನ್‌ನನ್ನು ಕೈಚಾಚಿ ಕರೆಯುತ್ತಾರೆ. ಚಿತ್ರ ಅಲ್ಲೇ ಮುಗಿದಿದ್ದರೆ ಅರ್ಧ ತಕರಾರು ಬಿಟ್ಟುಕೊಡಬಹುದಿತ್ತು. ಆದರೆ ಪರದೆ ತುಂಬ ಬಾವುಟಗಳು ಏಳುತ್ತವೆ, ಸತ್ತವರೆಲ್ಲ ದಂಗೆಕೋರರು ಬೀದಿಗೆ ಅಡ್ಡ ಒಡ್ಡುವಂಥ ಬೃಹತ್ ಬ್ಯಾರಿಕೇಡಿನ ಮೇಲೆ ನಿಂತು ಹಾಡುತ್ತಾರೆ. ಕತ್ತಿ ಬಿಟ್ಟು ನೇಗಿಲು ಹಿಡಿಯುವ ಪ್ರವಾದಿ ಯೆಶಾಯನ ಕನಸು ಆ ಹಾಡಿನಲ್ಲಿದೆ, ನಿಜ. ಯೆಶಾಯನಲ್ಲಿ ಜನಾಂಗಗಳು ಹತ್ತಿ ಹೋಗುವುದು ಕರ್ತನ ಬೆಟ್ಟಕ್ಕೆ. ಇಲ್ಲಿ ಅವರು ಹತ್ತಿ ನಿಂತಿರುವುದು ಮೇಜು ಕುರ್ಚಿಗಳ ರಾಶಿಯ ಮೇಲೆ.